ಭೋಪಾಲದ ಬೇಗಮರ ಮಸೀದಿಗಳ ನಡಿಗೆ: ತಾಜ್-ಉಲ್-ಮಸಾಜಿದ್‌ಗೆ ಸಿಕ್ಕಿದ್ದು ಮುಕ್ಕಾಲು ಗಂಟೆ

ಭೋಪಾಲಕ್ಕೆ ಹೋದವರು ಸಾಮಾನ್ಯವಾಗಿ ಸಾಂಚಿಯನ್ನೂ ಭೀಮ್‌ಬೇಟ್ಕಾವನ್ನೂ ನೋಡಿಕೊಂಡು, ದೊಡ್ಡ ಕೆರೆಯ ದಂಡೆಯಲ್ಲಿ ಒಂದು ಸಂಜೆ ಕಳೆದು ಹಿಂದಿರುಗುತ್ತಾರೆ. ಮೊದಲ ಸಲ ಹೋದಾಗ ನಾನೂ ಹಾಗೆಯೇ ಮಾಡಿದ್ದೆ. ಈ ಸಲ ಅಕ್ಕನೂ ಜೊತೆಗಿದ್ದಳು. ಊರನ್ನು ಆಳಿದ ಹೆಂಗಸರ ಬಗ್ಗೆ ಅವಳಿಗೆ ಮೊದಲಿನಿಂದಲೂ ಕುತೂಹಲವಿದ್ದುದರಿಂದ, ಬೇಗಮರು ಕಟ್ಟಿಸಿದ ಮಸೀದಿಗಳನ್ನು ಒಂದೇ ಬೆಳಗಿನಲ್ಲಿ ತೋರಿಸುವ ನಡಿಗೆಯೊಂದಕ್ಕೆ ನಾವಿಬ್ಬರೂ ಹೆಸರು ಕೊಟ್ಟೆವು. ತಲೆಗೆ 500 ರೂಪಾಯಿ, ಬೆಳಗ್ಗೆ ಏಳಕ್ಕೆ ಆರಂಭ, ಹನ್ನೊಂದಕ್ಕೆ ಮುಕ್ತಾಯ, ನಡುವೆ ಒಂದು ಚಹಾ. ಕೊನೆಯ ಹಂತಕ್ಕೆ ಆಟೋ ವೆಚ್ಚ ನಮ್ಮದೇ. ನಡಿಗೆಯನ್ನು ನಡೆಸುವವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮೆಚ್ಚುಗೆಯೂ ತಕರಾರೂ ಒಂದೇ ಬೆಳಗಿನ ಅನುಭವಕ್ಕೆ ಸೇರಿದವು, ಬೇರೊಂದು ದಿನ ಬೇರೊಬ್ಬ ಮಾರ್ಗದರ್ಶಿ ಸಿಕ್ಕಿದ್ದರೆ ಬರಹವೂ ಬೇರೆಯಾಗುತ್ತಿತ್ತು.

ಮೊದಲು ಮೆಚ್ಚುಗೆ. ಈ ನಡಿಗೆಯ ಹಾದಿಯನ್ನು ಗೊತ್ತುಮಾಡಿದವರು ಯಾರೇ ಆಗಿರಲಿ, ಅವರಿಗೆ ಭೋಪಾಲದ ಇತಿಹಾಸ ಗೊತ್ತು. ನೋಡುವ ಜಾಗಗಳನ್ನು ದೂರದ ಅನುಕೂಲಕ್ಕೆ ತಕ್ಕಂತೆ ಜೋಡಿಸದೆ, ಅಜ್ಜಿ, ಮಗಳು, ಮೊಮ್ಮಗಳು ಎಂಬ ಕ್ರಮದಲ್ಲಿ ಜೋಡಿಸಿದ್ದಾರೆ. ಅದಕ್ಕಾಗಿ ಹಳೆಯ ಪೇಟೆಯಾದ ಚೌಕ್‌ವರೆಗೆ ಹೋಗಿ ಬಂದ ಕಡೆಗೇ ಸ್ವಲ್ಪ ಹಿಂದಿರುಗಬೇಕಾಗುತ್ತದೆ. ಆದರೆ ಕಾಲಿಗೆ ಆಗುವ ಆ ಸಣ್ಣ ನಷ್ಟ ತಿಳಿವಳಿಕೆಗೆ ಲಾಭವೇ. ನಡಿಗೆ ಶುರುವಾಗುವುದು ಕೆರೆಯ ಪಕ್ಕದ ಗೌಹರ್ ಮಹಲಿನ ಎದುರು. ಅದನ್ನು ಕಟ್ಟಿಸಿದ ಕುದ್ಸಿಯಾ ಬೇಗಂ ಭೋಪಾಲವನ್ನು ಆಳಿದ ನಾಲ್ವರು ಬೇಗಮರಲ್ಲಿ ಮೊದಲನೆಯವರು. 1819ರಲ್ಲಿ ಗಂಡ ನಜರ್ ಮುಹಮ್ಮದ್ ಖಾನ್ ಆಕಸ್ಮಿಕವಾಗಿ ಗುಂಡು ತಗುಲಿ ತೀರಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಎಳೆಯ ಮಗಳು ಸಿಕಂದರ್‌ಳನ್ನು ಗಾದಿಯ ವಾರಸುದಾರಳೆಂದು ಸಾರಿ, ತಾವೇ ಆಡಳಿತ ಕೈಗೆತ್ತಿಕೊಂಡರು. ಅಲ್ಲಿಂದ 1926ರವರೆಗೆ, ನಡುವೆ 1837ರಿಂದ 1844ರವರೆಗಿನ ಏಳು ವರ್ಷಗಳನ್ನು ಬಿಟ್ಟರೆ, ಆ ಸಂಸ್ಥಾನ ಹೆಂಗಸರ ಕೈಯಲ್ಲೇ ಇತ್ತು. ನಮ್ಮ ಮಾರ್ಗದರ್ಶಿ, ಮೂವತ್ತರ ಆಸುಪಾಸಿನ ಉತ್ಸಾಹಿ ಯುವಕ, ಇಷ್ಟನ್ನು ಗೌಹರ್ ಮಹಲಿನ ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ, ಒಂದೂ ತಪ್ಪಿಲ್ಲದೆ ಹೇಳಿದ. ಅವನ ಹಿಂದಿಯಲ್ಲಿ ಭೋಪಾಲದ ಉರ್ದು ಧಾರಾಳವಾಗಿ ಬೆರೆತಿತ್ತು. ಅಕ್ಕನನ್ನು ‘ಆಪಾ’ ಎಂದೂ ನನ್ನನ್ನು ‘ಭಾಯಿಜಾನ್’ ಎಂದೂ ಕರೆಯುತ್ತಿದ್ದುದು ನಾಟಕೀಯವಾಗಿ ಕೇಳಿಸಲಿಲ್ಲ.

ಚೌಕ್‌ನ ನಡುವೆ ಇರುವ ಜಾಮಾ ಮಸೀದಿ ಕುದ್ಸಿಯಾ ಬೇಗಂ ಕಟ್ಟಿಸಿದ್ದು. ಎತ್ತರದ ಜಗತಿಯ ಮೇಲೆ ಮಸೀದಿ, ಜಗತಿಯ ಹೊಟ್ಟೆಯಲ್ಲಿ ಸಾಲು ಅಂಗಡಿಗಳು. ಮಿನಾರುಗಳ ತುದಿಯಲ್ಲಿ ಚಿನ್ನದ ಬಣ್ಣದ ಮೊನೆಗಳು. ಅಷ್ಟು ಹೊತ್ತಿಗಾಗಲೇ ಒಬ್ಬ ಅಂಗಡಿಯವ ಬಾಗಿಲೆತ್ತಿ, ಜರಿ ಕೆಲಸದ ಬಟ್ವಾಗಳನ್ನು ಒಂದೊಂದಾಗಿ ಮೊಳೆಗೆ ನೇತುಹಾಕುತ್ತಿದ್ದ. ಸಿಕಂದರ್ ಬೇಗಂ ಕಟ್ಟಿಸಿದ ಮೋತಿ ಮಸೀದಿ ದೆಹಲಿಯ ಜಾಮಾ ಮಸೀದಿಯನ್ನು ಚಿಕ್ಕದಾಗಿ ಮಾಡಿಟ್ಟಂತೆ ಇದೆ. ಬಿಳಿಯ ಮುಖ, ಕಡುಗೆಂಪು ಮಿನಾರುಗಳು. ಈ ಎರಡನ್ನೂ ನೋಡಿದ ಮೇಲೆ ಮೂರನೆಯದಕ್ಕೆ ಹೋದಾಗ, ಒಂದು ತಲೆಮಾರು ಮುಂದಿನ ತಲೆಮಾರಿಗೆ ಗಾದಿಯ ಜೊತೆಗೆ ಮಸೀದಿ ಕಟ್ಟಿಸುವ ಹಂಬಲವನ್ನೂ ದಾಟಿಸಿತೆಂಬುದು, ದಾಟಿದಂತೆಲ್ಲ ಅದು ಹಿಗ್ಗುತ್ತ ಹೋಯಿತೆಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ. ಕೊಟ್ಟ ಐನೂರರಲ್ಲಿ ಮುನ್ನೂರು ಈ ಕ್ರಮಕ್ಕೇ ಸಂದಾಯವಾಯಿತೆಂದು ನಾನು ಲೆಕ್ಕ ಹಾಕಿದ್ದೇನೆ.

ಚಹಾ ಚೆನ್ನಾಗಿತ್ತು. ಭೋಪಾಲದ ಸುಲೇಮಾನಿ ಚಹಾಕ್ಕೆ ಒಂದು ಚಿಟಿಕೆ ಉಪ್ಪು ಬೀಳುತ್ತದೆ. ಅಕ್ಕ ಮೊದಲ ಗುಟುಕಿಗೆ ಮುಖ ಕಿವಿಚಿ, ಎರಡನೆಯ ಲೋಟ ಕೇಳಿದಳು. ಆದರೆ ಅಲ್ಲಿ ಕೂತದ್ದು ಅರ್ಧ ಗಂಟೆ, ಆಮೇಲೆ ಆಟೋ ಹುಡುಕಿದ್ದು ಇಪ್ಪತ್ತು ನಿಮಿಷ. ನಡಿಗೆಯ ಕರಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರವಾಗಿ ಅಚ್ಚಾದ ತಾಜ್-ಉಲ್-ಮಸಾಜಿದ್‌ನ ಬಾಗಿಲಿಗೆ ನಾವು ತಲುಪಿದಾಗ ಗಂಟೆ ಹತ್ತೂಕಾಲು.

ಆ ಮಸೀದಿಯನ್ನು ಮೊದಲ ಸಲ ನೋಡುವವರಿಗೆ ಅದರ ಗಾತ್ರ ಕೂಡಲೇ ಅರಿವಾಗುವುದಿಲ್ಲ. ಪೂರ್ವದ ಹೆಬ್ಬಾಗಿಲನ್ನು ದಾಟಿ ಅಂಗಳಕ್ಕೆ ಕಾಲಿಟ್ಟಾಗ ಎದುರಿಗೆ ಕಾಣುವುದು ನಸುಗೆಂಪು ಗೋಡೆ, ಅದರ ಮೇಲೆ ಮೂರು ಬಿಳಿಯ ಗುಮ್ಮಟಗಳು, ಎರಡು ಕಡೆ ಎಂಟು ಮೂಲೆಯ ಎರಡು ಮಿನಾರುಗಳು. ದೊಡ್ಡದು, ಸರಿ ಎಂದುಕೊಂಡು ನಡೆಯತೊಡಗಿದರೆ ಗೋಡೆ ಹತ್ತಿರವಾಗುವುದೇ ಇಲ್ಲ. ನಮಾಜಿಗೆ ಮುನ್ನ ಕೈಕಾಲು ತೊಳೆಯಲು ಅಂಗಳದ ನಡುವೆ ಇರುವ ವುಜೂ ಕೊಳದ ಬಳಿ ಒಬ್ಬ ಹುಡುಗ ಮೊಣಕೈವರೆಗೆ ತೋಳು ಮಡಿಸಿ ಕೈ ತೊಳೆಯುತ್ತಿದ್ದ. ಅವನನ್ನು ದಾಟಿ ಮುಂದೆ ಹೋಗಿ ತಿರುಗಿ ನೋಡಿದಾಗ ಅವನು ಬೆರಳಷ್ಟಾಗಿದ್ದ, ಎದುರಿನ ಕಮಾನು ಮಾತ್ರ ಮೊದಲಿದ್ದಷ್ಟೇ ದೂರದಲ್ಲಿತ್ತು. ಪ್ರತಿ ವರ್ಷ ನಡೆಯುವ ಭೋಪಾಲದ ಇಜ್ತಿಮಾ ಎಂಬ ಧಾರ್ಮಿಕ ಸಮಾವೇಶ ಹಿಂದೆ ಇಲ್ಲಿಯೇ ನಡೆಯುತ್ತಿತ್ತು. ಜನ ಈ ಅಂಗಳವನ್ನೂ ಮೀರಿ ಬರತೊಡಗಿದ ಮೇಲೆ ಅದನ್ನು ಊರ ಹೊರಗಿನ ಬಯಲಿಗೆ ಒಯ್ದರು. ಪ್ರಾರ್ಥನೆಯ ಹಜಾರದೊಳಗೆ ದಪ್ಪ ಕಂಬಗಳ ಸಾಲುಗಳು, ಕಂಬದಿಂದ ಕಂಬಕ್ಕೆ ಹಾರಿದ ಕಮಾನುಗಳು, ಕಾಲಡಿಯಲ್ಲಿ ತಣ್ಣಗಿನ ಅಮೃತಶಿಲೆ. ಕಂಬವೊಂದಕ್ಕೆ ಒರಗಿ ಕೂತ ನಾಲ್ಕಾರು ಮದರಸಾ ಹುಡುಗರು ಮೈಯನ್ನು ಹಿಂದೆ ಮುಂದೆ ತೂಗುತ್ತ ತಮ್ಮ ಪಾಠವನ್ನು ಬಾಯಿಪಾಠ ಮಾಡುತ್ತಿದ್ದರು. ಪ್ರತಿಯೊಬ್ಬನದೂ ಬೇರೆ ಪಾಠ, ಬೇರೆ ವೇಗ. ಆದರೂ ಗುಮ್ಮಟದ ಅಡಿಯಲ್ಲಿ ಅದೆಲ್ಲ ಸೇರಿ ಒಂದೇ ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತಿತ್ತು.

ಇಂಥ ಜಾಗದಲ್ಲಿ ಮಾರ್ಗದರ್ಶಿ ಮಾತು ಕಡಿಮೆ ಮಾಡಿದರೂ ನಡೆಯುತ್ತದೆ, ತಪ್ಪು ಹೇಳಬಾರದು. ನಮ್ಮವನು ಎರಡನ್ನೂ ಅದಲುಬದಲು ಮಾಡಿದ. ಮೊದಲನೆಯದು ಹೆಸರು. ಅವನು ಉದ್ದಕ್ಕೂ ‘ತಾಜುಲ್ ಮಸ್ಜಿದ್’ ಎನ್ನುತ್ತಿದ್ದ. ಮಸಾಜಿದ್ ಎಂಬುದು ಮಸ್ಜಿದ್‌ನ ಬಹುವಚನ, ಕಟ್ಟಡದ ಹೆಸರಿನ ಅರ್ಥ ‘ಮಸೀದಿಗಳ ಕಿರೀಟ’. ಏಕವಚನ ಮಾಡಿದರೆ ಕಟ್ಟಿಸಿದವರ ಹೆಮ್ಮೆಯೇ ಹೋಗಿಬಿಡುತ್ತದೆ. ಇದನ್ನು ಊರಿನವರೂ ಹಾಗೆಯೇ ಹೇಳುತ್ತಾರೆಂದು ಬಿಟ್ಟುಬಿಡಬಹುದಿತ್ತು. ಎರಡನೆಯದನ್ನು ಬಿಡುವಂತಿರಲಿಲ್ಲ: 1857ರ ದಂಗೆಯಿಂದಾಗಿ ಹಣ ಸಾಲದೆ ಈ ಮಸೀದಿಯ ಕೆಲಸ ನಿಂತುಹೋಯಿತು ಎಂದ. ಇದನ್ನು ಕಟ್ಟಿಸಲು ಹೊರಟವರು ಸಿಕಂದರ್ ಬೇಗಮರ ಮಗಳು ಷಹಜಹಾನ್ ಬೇಗಂ, ಅವರು ಸ್ವಂತ ಅಧಿಕಾರದಿಂದ ಆಳತೊಡಗಿದ್ದು 1868ರಲ್ಲಿ. ದಂಗೆ ಮುಗಿದು ಹತ್ತು ವರ್ಷವಾದ ಮೇಲೆ ಗಾದಿಗೆ ಬಂದವರ ಕಟ್ಟಡವನ್ನು ದಂಗೆ ನಿಲ್ಲಿಸುವುದು ಹೇಗೆ? ಅಕ್ಕ ಮೆಲ್ಲಗೆ ಇದನ್ನೇ ಕೇಳಿದಾಗ ಅವನು ನಕ್ಕು, ‘ಆಪಾ, ಎಲ್ಲ ಕಡೆಯೂ ಹೀಗೆಯೇ ಬರೆದಿದೆ’ ಎಂದ. ಬರೆದಿರುವುದು ನಿಜವಿದ್ದೀತು. ಆದರೆ ಸ್ವಲ್ಪ ಹೊತ್ತಿನ ಹಿಂದೆ ಮೋತಿ ಮಸೀದಿಯ ಎದುರು, ಇದು ಸಿಕಂದರ್ ಬೇಗಂ ಕಾಲದ್ದು, 1860ರದ್ದು ಎಂದು ತಾನೇ ಹೇಳಿದವನಿಗೆ, ಅವರ ಮಗಳ ಕಟ್ಟಡ 1857ರಲ್ಲಿ ನಿಲ್ಲಲಾರದೆಂದು ಹೊಳೆಯಬೇಕಿತ್ತು. ಹಾದಿಯನ್ನು ತಲೆಮಾರಿನ ಕ್ರಮದಲ್ಲಿ ಜೋಡಿಸಿದವರ ಶ್ರಮವನ್ನು ಆ ಒಂದು ವಾಕ್ಯ ಹಾಳುಮಾಡಿತು.

ಅದಕ್ಕಿಂತ ಹೆಚ್ಚಿನ ತಕರಾರು ಅವನು ಹೇಳದೆ ಬಿಟ್ಟದ್ದರ ಬಗ್ಗೆ. ಇದು ಏಷ್ಯಾದಲ್ಲೇ ದೊಡ್ಡದೋ ಭಾರತದಲ್ಲೇ ದೊಡ್ಡದೋ ಎಂಬ ಚರ್ಚೆಗೆ ಹತ್ತು ನಿಮಿಷ ಹೋಯಿತು. ಅದೇ ಉಸಿರಿನಲ್ಲಿ, ಏಷ್ಯಾದ ಅತಿ ಚಿಕ್ಕ ಮಸೀದಿಯೂ ಭೋಪಾಲದಲ್ಲೇ ಇದೆ, ಹತ್ತಿರದ ಆಸ್ಪತ್ರೆಯ ಆವರಣದ ಢಾಯಿ ಸೀಢಿ ಕಿ ಮಸ್ಜಿದ್ ಎಂದೂ ಹೇಳಿದ. ಊರಿನ ಅಭಿಮಾನ ಅರ್ಥವಾಗುವಂಥದೇ. ಆದರೆ ಇದನ್ನು ಕಟ್ಟಿಸಲು ಹೊರಟವರು ಯಾರು ಎಂಬುದಕ್ಕೆ ಸಿಕ್ಕಿದ್ದು ಎರಡು ವಾಕ್ಯ. ಗುಂಪಿನಲ್ಲಿದ್ದ ಒಬ್ಬರು ಹೊರಡುವಾಗಲೂ ಆಗ್ರಾದ ಷಹಜಹಾನನೇ ಇದನ್ನೂ ಕಟ್ಟಿಸಿದನೆಂದು ನಂಬಿದ್ದರು.

ಆ ಎರಡು ವಾಕ್ಯಗಳ ಜಾಗದಲ್ಲಿ ಏನಿರಬಹುದಿತ್ತು ಎಂಬುದನ್ನು ಮುಂದೆ ಹೋಗುವವರಿಗಾಗಿ ಬರೆಯುತ್ತೇನೆ. ಷಹಜಹಾನ್ ಬೇಗಂ ಹುಟ್ಟಿದ್ದು 1838ರಲ್ಲಿ, ಭೋಪಾಲದ ಹೊರಗಿನ ಇಸ್ಲಾಂನಗರದಲ್ಲಿ. ಆರನೆಯ ವಯಸ್ಸಿಗೇ ಗಾದಿ ಬಂತು. ತಾಯಿ ಸಿಕಂದರ್ ಮಗಳ ಪರವಾಗಿ ಆಡಳಿತ ನಡೆಸಿದರು, 1860ರಲ್ಲಿ ಮಗಳು ಪಕ್ಕಕ್ಕೆ ಸರಿದು ತಾಯಿಯೇ ಆಳುವವರಾದರು, 1868ರಲ್ಲಿ ತಾಯಿ ತೀರಿಕೊಂಡ ಮೇಲೆ ಗಾದಿ ಮತ್ತೆ ಮಗಳಿಗೆ ಬಂದು 1901ರವರೆಗೆ ಅವರ ಬಳಿಯೇ ಉಳಿಯಿತು. ಇಂದು ಭೋಪಾಲದಿಂದ ಇಟಾರ್ಸಿಗೆ ಹೋಗುವ ರೈಲು ಹಳಿಗೆ 1880ರ ದಶಕದಲ್ಲಿ ಹಣ ಹೂಡಿದವರು ಅವರೇ. ಭೋಪಾಲದ ಅಂಚೆಚೀಟಿಗಳ ಮೇಲೆ ಅವರ ಹೆಸರು ಅಚ್ಚಾಗುತ್ತಿತ್ತು. ಉರ್ದುವಿನಲ್ಲಿ ಕವಿತೆ ಬರೆದರು, ಭೋಪಾಲದ ಇತಿಹಾಸ ಬರೆದರು, ಹೆಂಗಸರ ಮನೆವಾರ್ತೆಯ ಕೈಪಿಡಿಯನ್ನೂ ಬರೆದರು. ಮಸೀದಿ ಇರುವ ಬಡಾವಣೆಗೆ ಶಹಜಹಾನಾಬಾದ್ ಎಂಬ ಹೆಸರು ಬಂದದ್ದು ಅವರಿಂದ. ಪಕ್ಕದಲ್ಲೇ ತಮಗಾಗಿ ಕಟ್ಟಿಸಿಕೊಂಡ ಅರಮನೆಗೆ ತಾಜ್ ಮಹಲ್ ಎಂದೇ ಹೆಸರಿಟ್ಟರು. ಮಾರ್ಗದರ್ಶಿ ಆಟೋದಿಂದಲೇ ಕೈ ತೋರಿಸಿದ ಆ ಪಾಳುಬಿದ್ದ ಕಟ್ಟಡ ಅದೇ. ಚಕ್ರವರ್ತಿಯ ಹೆಸರನ್ನು ಹೊತ್ತ ಬೇಗಮರಿಗೆ ಆ ಹೋಲಿಕೆ ಮುಜುಗರ ತಂದಂತಿಲ್ಲ. ಪೈಪೋಟಿಗೆ ಇಳಿದವರಂತೆಯೇ ಕಾಣುತ್ತಾರೆ.

ಇಂಗ್ಲೆಂಡಿನ ವೋಕಿಂಗ್ ಎಂಬ ಊರಿನಲ್ಲಿ 1889ರಲ್ಲಿ ಒಂದು ಮಸೀದಿ ಎದ್ದಿತು. ಲೈಟ್ನರ್ ಎಂಬ ವಿದ್ವಾಂಸರು ತಾವು ಸ್ಥಾಪಿಸಿದ್ದ ಪೌರ್ವಾತ್ಯ ವಿದ್ಯಾಸಂಸ್ಥೆಯ ಬಳಿ ಕಟ್ಟಿಸಿದ ಅದು, ಬ್ರಿಟನ್ನಿನಲ್ಲಿ ಮಸೀದಿಯಾಗಿಯೇ ಕಟ್ಟಿದ ಮೊದಲ ಕಟ್ಟಡ. ಅದಕ್ಕೆ ದೊಡ್ಡ ಮೊತ್ತದ ನೆರವು ಹೋದದ್ದು ಭೋಪಾಲದ ಬೇಗಮರಿಂದ, ಹಾಗಾಗಿ ಅದಕ್ಕೆ ಇಂದಿಗೂ ಷಹಜಹಾನ್ ಮಸೀದಿ ಎಂದೇ ಹೆಸರು. ಅವರು ಕಣ್ಣಿಂದ ನೋಡದ ಆ ಮಸೀದಿ ಪೂರ್ತಿಯಾಯಿತು. ಅರಮನೆಯ ಪಕ್ಕದಲ್ಲೇ ಏಳುತ್ತಿದ್ದ ಮಸೀದಿ ಅವರು 1901ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ನಿಂತಿತ್ತು. ಅವರ ನಂತರ ಬಂದ ಮಗಳು ಸುಲ್ತಾನ್ ಜಹಾನ್ ಬೇಗಂ ಕೆಲಸವನ್ನು ಮುಂದುವರಿಸಿದರೂ ಹಣ ಸಾಲದೆ ಮುಗಿಯಲಿಲ್ಲ. ಅರ್ಧಕ್ಕೆ ನಿಂತ ಮಸೀದಿ ಕನ್ನಡಿಗರಿಗೆ ಹೊಸದಲ್ಲ; ವಿಜಯಪುರದ ಜಾಮಿ ಮಸೀದಿ ಇಂದಿಗೂ ತನ್ನ ಮಿನಾರುಗಳಿಲ್ಲದೆಯೇ ನಿಂತಿದೆ. ಭೋಪಾಲದ್ದಕ್ಕೆ ಮಾತ್ರ ಎರಡನೆಯ ಅವಕಾಶ ಸಿಕ್ಕಿತು. 1971ರಲ್ಲಿ ಮೌಲಾನಾ ಮುಹಮ್ಮದ್ ಇಮ್ರಾನ್ ಖಾನ್ ನದ್ವಿ ಮತ್ತು ಅವರ ಜೊತೆಗಾರರ ಪ್ರಯತ್ನದಿಂದ ಕೆಲಸ ಮತ್ತೆ ಆರಂಭವಾಗಿ, ಜನರಿಂದ ಹಣ ಕೂಡಿಸಿ 1985ರಲ್ಲಿ ಮುಗಿಯಿತು. ಅಂದರೆ ಊರು ಅನಿಲ ದುರಂತದಿಂದ ಇನ್ನೂ ಎದ್ದು ಕೂತಿರದ ಹೊತ್ತಿನಲ್ಲಿ. ಪೂರ್ವದ ಹೆಬ್ಬಾಗಿಲು ಕುವೈತಿನ ಅಮೀರರ ನೆರವಿನಿಂದ ಹೊಸ ರೂಪ ಪಡೆದದ್ದು. ನೂರು ವರ್ಷದ ಅಂತರದಲ್ಲಿ ಇಬ್ಬಗೆಯ ಕೈಗಳು ದುಡಿದ ಕಟ್ಟಡದಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಬೆರಳಿಟ್ಟು ತೋರಿಸುವುದಕ್ಕಿಂತ ಒಳ್ಳೆಯ ಪಾಠ ಮಾರ್ಗದರ್ಶಿಗೆ ಬೇರೆ ಯಾವುದಿದ್ದೀತು? ನಮಗೆ ಅದು ಸಿಗಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಚಪ್ಪಲಿ ಹಾಕಿಕೊಂಡೆವು.

ಸಂಜೆ ಐದರ ಹೊತ್ತಿಗೆ ನಾವಿಬ್ಬರೇ ಮತ್ತೆ ಹೋದೆವು. ಹೀಗೆ ಹೋಗಲು ಯಾವ ಟಿಕೆಟ್ಟೂ ಬೇಕಾಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಚಪ್ಪಲಿ ಬಿಡುವಲ್ಲಿ ಕೂತಿದ್ದ ಹಿರಿಯರೊಬ್ಬರು ಅಕ್ಕನನ್ನು ನೋಡಿ, ಬೆಳಗ್ಗೆಯೂ ಬಂದಿದ್ದಿರಲ್ಲ ಎಂದರು. ಅವಳು, ಹೌದು ಚಾಚಾ, ಏನೋ ಬಿಟ್ಟುಹೋದಂತಾಯಿತು ಎಂದಳು. ಜನಾನಾ ನೋಡಿದಿರಾ ಎಂದು ಅವರು ಕೇಳಿದಾಗಲೇ ಬಿಟ್ಟುಹೋದದ್ದು ಏನೆಂದು ನಮಗೆ ಗೊತ್ತಾದದ್ದು. ಪ್ರಾರ್ಥನೆಯ ಹಜಾರದಲ್ಲಿಯೇ ಹೆಂಗಸರಿಗೆಂದು ಪ್ರತ್ಯೇಕವಾದ ಭಾಗವನ್ನು ಬೇಗಂ ತಮ್ಮ ನಕ್ಷೆಯಲ್ಲಿ ಸೇರಿಸಿದ್ದರು. ಹೆಂಗಸರು ಮನೆಯಲ್ಲೇ ನಮಾಜು ಮಾಡುವುದು ರೂಢಿಯಾಗಿದ್ದ ಕಾಲದಲ್ಲಿ ಅದು ಅಪರೂಪದ ಏರ್ಪಾಡು. ಅವರ ತಾಯಿ ಸಿಕಂದರ್ ಗೋಷಾ ತೊರೆದು, ಕುದುರೆ ಏರಿ ರಾಜ್ಯ ಸುತ್ತಿದವರು. ಮಗಳೂ ಮೊದಮೊದಲು ಗೋಷಾ ಇಲ್ಲದೆಯೇ ಆಳಿದರು; 1871ರಲ್ಲಿ ಸಿದ್ದೀಕ್ ಹಸನ್ ಖಾನರನ್ನು ಮರುಮದುವೆಯಾದ ಮೇಲೆ ಪರದೆಯ ಹಿಂದೆ ಸರಿದರು, ಅಲ್ಲಿಂದಲೇ ಆಡಳಿತ ನಡೆಸಿದರು. ಪರದೆಯ ಹಿಂದೆ ಕೂತವರು ಊರಿನ ಅತಿ ದೊಡ್ಡ ಮಸೀದಿಯಲ್ಲಿ ಹೆಂಗಸರಿಗೆ ಜಾಗ ಗುರುತು ಮಾಡಿದರೆಂಬುದನ್ನು ವೈರುಧ್ಯವೆಂದು ಕರೆಯುವುದು ಸುಲಭ. ಅಕ್ಕನ ಅಭಿಪ್ರಾಯ ಬೇರೆ: ಹೊರಗೆ ಬರಬಾರದೆಂಬ ಕಟ್ಟಿಗೆ ಒಳಪಟ್ಟವರಿಗೇ, ಬಂದರೆ ಎಲ್ಲಿ ಕೂರಬೇಕೆಂಬ ಯೋಚನೆ ಬರುವುದು ಎಂದಳು. ಚಾಚಾ ಇನ್ನೊಂದು ಕಥೆಯನ್ನೂ ಹೇಳಿದರು. ಹಜಾರಕ್ಕೆ ಹಾಸಲು ಬೇಗಂ ವಿದೇಶದಿಂದ ಸ್ಫಟಿಕದ ಹಾಸುಗಲ್ಲುಗಳನ್ನು ತರಿಸಿದರಂತೆ. ನಮಾಜಿನ ಹೊತ್ತಿನಲ್ಲಿ ಅವುಗಳಲ್ಲಿ ಮನುಷ್ಯರ ಪ್ರತಿಬಿಂಬ ಕಾಣುತ್ತದೆಂದು ಧರ್ಮಪಂಡಿತರಾದ ಉಲೇಮಾಗಳು ಆಕ್ಷೇಪಿಸಿದ್ದರಿಂದ ಅವನ್ನು ಹಾಸಲೇ ಇಲ್ಲವಂತೆ. ಭೋಪಾಲದಲ್ಲಿ ಬಹಳ ಜನ ಹೇಳುವ ಕಥೆ ಇದು. ಐನೂರು ರೂಪಾಯಿ ಕೊಟ್ಟಾಗ ಕೇಳಿಸದಿದ್ದುದು ಚಪ್ಪಲಿ ಗೂಡಿನ ಮುಂದೆ ಪುಕ್ಕಟೆಯಾಗಿ ಕೇಳಿಸಿತು.

ಹಾಗಾದರೆ ಈ ನಡಿಗೆಗೆ ಹೋಗಬೇಕೇ? ಹೋಗಬಹುದು. ಮೊದಲ ಎರಡೂವರೆ ಗಂಟೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಚೌಕ್‌ನ ಸಂದುಗಳಲ್ಲಿ ನಾವೇ ಸುತ್ತಿದ್ದರೆ ಗೌಹರ್ ಮಹಲಿಗೂ ಮೋತಿ ಮಸೀದಿಗೂ ಇರುವ ನಂಟು ತಿಳಿಯುತ್ತಿರಲಿಲ್ಲ. ಮಾರ್ಗದರ್ಶಿ ಗುಂಪಿನಲ್ಲಿ ಹಿಂದೆ ಬಿದ್ದವರಿಗಾಗಿ ನಿಂತು ಕಾಯುತ್ತಿದ್ದ, ಮೆಟ್ಟಿಲುಗಳಲ್ಲಿ ವಯಸ್ಸಾದ ದಂಪತಿಯ ಕೈ ಹಿಡಿದ. ನಡೆಸುವವರು ಚಹಾದ ಹೊತ್ತನ್ನು ಅರ್ಧ ಮಾಡಿ, ಆಟೋಗಳನ್ನು ಮೊದಲೇ ಗೊತ್ತುಮಾಡಿ, ಉಳಿದ ಸಮಯವನ್ನೆಲ್ಲ ಕೊನೆಯ ಮಸೀದಿಗೆ ಕೊಡಬೇಕು. 1857ರ ಮಾತನ್ನು ಕೂಡಲೇ ಕೈಬಿಡಬೇಕು. ಅಷ್ಟಾಗುವವರೆಗೆ ನನ್ನ ಸಲಹೆಯೆಂದರೆ, ಮೋತಿ ಮಸೀದಿಯವರೆಗೆ ಅವರ ಜೊತೆ ನಡೆದು, ತಾಜ್-ಉಲ್-ಮಸಾಜಿದ್‌ಗೆ ಇನ್ನೊಂದು ದಿನ ಬೆಳಗ್ಗೆ ಬೇಗ ನೀವೇ ಹೋಗುವುದು. ನಮಾಜಿಗೆ ಮುಖ ಮಾಡುವ ದಿಕ್ಕಾದ ಕಿಬ್ಲಾ ಪಶ್ಚಿಮಕ್ಕಿರುವುದರಿಂದ ಹಜಾರದ ಮುಖ ಪೂರ್ವಕ್ಕಿದೆ, ಎಳೆಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಸಂಜೆ ಹೋದರೆ ಸೂರ್ಯ ಗುಮ್ಮಟಗಳ ಹಿಂದಿರುತ್ತಾನೆ, ಚಿತ್ರ ತೆಗೆಯುವವರಿಗೆ ನಿರಾಸೆಯಾಗುತ್ತದೆ. ಶುಕ್ರವಾರ ಬೇಡ, ಅದು ನಮಾಜಿಗೆ ಬರುವವರ ದಿನ. ತೋಳು, ಕಾಲು ಮುಚ್ಚುವ ಬಟ್ಟೆ, ಹೆಂಗಸರಿಗೆ ತಲೆಯ ಮೇಲೆ ಹೊದೆಯಲು ಒಂದು ದುಪಟ್ಟಾ ಇದ್ದರೆ ಸಾಕು. ಒಂದು ಜೊತೆ ಕಾಲುಚೀಲವನ್ನೂ ಇಟ್ಟುಕೊಳ್ಳಿ. ಹತ್ತು ಗಂಟೆಯ ಬಿಸಿಲಿಗೆ ಅಂಗಳದ ಕಲ್ಲು ಕಾದಿರುತ್ತದೆ. ಬರಿಗಾಲಲ್ಲಿ ಹೆಬ್ಬಾಗಿಲಿಂದ ಹಜಾರದ ನೆರಳಿಗೆ ಓಡುವಾಗ ಆ ಅಂಗಳದ ಅಗಲ ಎಷ್ಟೆಂಬುದು ನಮ್ಮ ಅಂಗಾಲಿಗೆ ಚೆನ್ನಾಗಿ ತಿಳಿಯಿತು.